ಮೂರನೇ ಮೆಟ್ಟಿಲು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಮಾಜಿ ಸೈನಿಕರ ಕುಟುಂಬಗಳಿಗೆ ನೆರವಾಗುವ ಸೇವಾಸಂಸ್ಥೆಯೊಂದರಲ್ಲಿ ನಾನು ಆಪ್ತಸಲಹೆಗಾರ್ತಿ. ನಮ್ಮಲ್ಲಿಗೆ ಮೊದಲು ಬರುವವರು ಹೆಚ್ಚಾಗಿ ಹೆಂಡತಿಯರು, ತಾಯಂದಿರು. ಕೂತ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಅವರು ಬರಲ್ಲ ಅಂತಾರೆ ಮೇಡಂ. ನಾನೊಬ್ಬಳೇ ಬಂದ್ರೆ ಏನಾದ್ರೂ ಉಪಯೋಗ ಇದೆಯಾ?"

ಇದೆ. ಇದನ್ನು ಬರೆಯುತ್ತಿರುವುದೇ ಅದಕ್ಕೆ.

ಹಾಗೆ ಒಬ್ಬಳೇ ಬಂದ ಒಬ್ಬಾಕೆಯ ಗಂಡ ಸೇನೆ ಬಿಟ್ಟು 4 ವರ್ಷ. ರಾತ್ರಿ ನಾಲ್ಕೈದು ಸಲ ಎದ್ದು ಬಾಗಿಲ ಚಿಲಕ ನೋಡುತ್ತಾರೆ. ಎಲ್ಲೇ ಕೂತರೂ ಬೆನ್ನು ಗೋಡೆಗೆ, ಕಣ್ಣು ಬಾಗಿಲಿಗೆ. ಒಮ್ಮೆ ಕೆಟ್ಟ ಕನಸಲ್ಲಿದ್ದವರನ್ನು ಭುಜ ಹಿಡಿದು ಎಬ್ಬಿಸಲು ಹೋಗಿ ಆಕೆಯ ಮಣಿಕಟ್ಟು ಉಳುಕಿತ್ತು. ಅದನ್ನು ಸ್ವಂತ ಅಕ್ಕನಿಗೂ ಹೇಳಿರಲಿಲ್ಲ.

ಮೊದಲ ದಿನ ಎರಡು ಮಾತು ಹೇಳಿದೆ. ಮುಟ್ಟಿ ಎಬ್ಬಿಸಬೇಡಿ, ಕಾಲ ಕಡೆ ದೂರದಲ್ಲಿ ನಿಂತು ಕರೆಯಿರಿ. ಸದ್ಯಕ್ಕೆ ಬೇರೆ ಕೋಣೆಯಲ್ಲಿ ಮಲಗಿ. ಗಂಡ ಹೆಂಡತಿಯನ್ನು ಬೇರೆ ಮಾಡೋದಾ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಿದ್ದೆಗೆಟ್ಟು, ಹೆದರಿ ಹಣ್ಣಾದವಳು ಯಾರನ್ನು ತಾನೇ ನೋಡಿಕೊಂಡಾಳು? ಆ ಸಲಹೆಯನ್ನು ಇವತ್ತೂ ಕೊಡುತ್ತೇನೆ.

ಎರಡು ತಿಂಗಳ ನಂತರ ಆತ ಬಂದರು. ನನ್ನ ಹತ್ತಿರ ಅಲ್ಲ, ಕಿವಿಯಲ್ಲಿ ಸದಾ ಗುಂಯ್ ಅನ್ನುವ ತೊಂದರೆಗೆ ಪರಿಹಾರದ ಅರ್ಜಿ ತುಂಬಿಸಲು. ನಮ್ಮಲ್ಲಿ ಅರ್ಜಿ ನೋಡಿಕೊಳ್ಳುವವರೂ ಮಾಜಿ ಸೈನಿಕರೇ. ಮನಸ್ಸಿನ ಮಾತಿಗೆ ಬರದವರೂ ಕಾಗದಪತ್ರಕ್ಕೆ ಬರುತ್ತಾರೆ. ಆ ಮೇಜನ್ನು ನನ್ನ ಕೋಣೆಯ ಪಕ್ಕದಲ್ಲೇ ಹಾಕಿಸಿರುವುದು ಸುಮ್ನೆ ಅಲ್ಲ.

ಅವತ್ತು 9 ವರ್ಷದ ಮಗಳು ನನ್ನ ಕೋಣೆಯಲ್ಲಿ ಮನೆಯ ಚಿತ್ರ ಬರೆಯುತ್ತಿದ್ದಳು. ಮೆಟ್ಟಿಲುಗಳಲ್ಲಿ ಒಂದಕ್ಕೆ ಮಾತ್ರ ಕಪ್ಪು ಬಳಿದಿದ್ದಳು.

"ಇದ್ಯಾಕೆ ಪುಟ್ಟಾ?"

"ಅದು ಮೂರನೇದು. ತುಳಿಯಬಾರದು. ಕಿರ್ ಅನ್ನುತ್ತೆ, ಅಪ್ಪ ಬೆಚ್ಚಿಬೀಳ್ತಾರೆ."

ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಯಾವಾಗಿಂದ ಹೀಗೆ ಮಾಡ್ತಿದೀಯಾ?"

"ಒಂದನೇ ಕ್ಲಾಸಿಂದ."

ಒಳಗೆ ಬಂದು ಕೂತರು. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಅವರಿಗೆ ಅದು ಗೊತ್ತೂ ಆಗಿರಲಿಕ್ಕಿಲ್ಲ. ಚಿತ್ರ ತಗೊಂಡು ಆ ಕಪ್ಪು ಮೆಟ್ಟಿಲನ್ನು ಹೆಬ್ಬೆರಳಿಂದ ಉಜ್ಜುತ್ತಲೇ ಇದ್ದರು. "ನಾನು ಇವಳಿಗೆ ಯಾವತ್ತೂ ಬೈದಿಲ್ಲ ಮೇಡಂ."

ನಿಜ, ಬೈದಿರಲಿಲ್ಲ. ಯಾರೂ ಹೇಳಿಕೊಡದೆ ಮಗು ತಾನೇ ಕಲಿತಿತ್ತು.

ಇಂಥ ಮನೆಗಳಲ್ಲಿ ಪ್ರೀತಿಯಿಂದಲೇ ಎಲ್ಲರೂ ಸದ್ದಡಗಿಸಿ ಬದುಕುತ್ತಾರೆ. ಆದರೆ ಪ್ರತಿ ಸದ್ದನ್ನೂ ಮನೆಯವರೇ ತಡೆದರೆ, ಸದ್ದಿನಲ್ಲಿ ಅಪಾಯ ಇಲ್ಲ ಅಂತ ಆ ಮನುಷ್ಯನ ಮೈಗೆ ಗೊತ್ತಾಗೋದು ಹೇಗೆ? ವಿಯೆಟ್ನಾಂ ಯುದ್ಧದಿಂದ ಮರಳಿದವರು ಮತ್ತು ಅವರ ಪರ ನಿಂತ ವೈದ್ಯರು ಪಟ್ಟುಹಿಡಿದ ಮೇಲೆ, 1980ರಲ್ಲಿ ಪಿಟಿಎಸ್‌ಡಿ (ಭೀಕರ ಆಘಾತ ಮುಗಿದ ಮೇಲೂ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆ) ಅನ್ನುವ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತು. ಹಾಗೆ ಸೈನಿಕನ ಸಂಕಟಕ್ಕೊಂದು ಹೆಸರು ಸಿಕ್ಕಿತು. ಮೆಟ್ಟಿಲು ತಪ್ಪಿಸಿ ಹತ್ತುವ ಮಗುವಿಗೆ ಎಷ್ಟೋ ಕಡೆ ಒಂದು ಫೈಲೂ ಇರುವುದಿಲ್ಲ. ಆತ ಬರಲಿ ಅಂತ ಕಾಯದೆ ಮನೆಯವರಿಗೆ ಬಾಗಿಲು ತೆರೆಯಬೇಕು ಅಂತ ನಾನು ಹಟ ಮಾಡುವುದು ಇದಕ್ಕೇ.

ಆತನಿಗೆ ಹೇಳಿದೆ: "ಯುದ್ಧದ ಕಥೆ ಅವಳಿಗೆ ಬೇಡ. 'ಸದ್ದಾದ್ರೆ ನನ್ನ ಮೈ ಬೆಚ್ಚುತ್ತೆ, ಅದು ನಿನ್ನ ತಪ್ಪಲ್ಲ' ಅಷ್ಟು ಹೇಳಿ. ದಿನಾ ಸಂಜೆ ನೀವೇ ಆ ಮೆಟ್ಟಿಲು ತುಳಿಯಿರಿ. ಅವಳಿಗೆ ತುಳಿ ಅನ್ನಬೇಡಿ. ಅಪ್ಪನನ್ನು ಗುಣ ಮಾಡೋದು ಮಗುವಿನ ಕೆಲಸ ಅಲ್ಲ." ಮೆಟ್ಟಿಲು ತುಳಿದ ಮಾತ್ರಕ್ಕೆ ಕಾಯಿಲೆ ಹೋಗಲ್ಲ, ಆಘಾತಕ್ಕೆ ಚಿಕಿತ್ಸೆ ಕೊಡಲು ತರಬೇತಿ ಪಡೆದವರೇ ಬೇಕು ಅಂತಲೂ ಹೇಳಿದೆ. ಆ ವಾರವೇ ಹೆಸರು ಬರೆಸಿದರು.

ಚಿಕಿತ್ಸೆ ನಡೆಯುತ್ತಿದೆ. ಚಿಲಕ ನೋಡುವುದು ರಾತ್ರಿಗೆ ಒಂದು ಸಲಕ್ಕೆ ಇಳಿದಿದೆ. ಹೆಂಡತಿ ನಮ್ಮ ಮಹಿಳೆಯರ ಗುಂಪಿಗೆ ತಪ್ಪದೆ ಬರುತ್ತಾರೆ. ಮಗಳು ಮಾತ್ರ ಇನ್ನೂ ಮೂರನೇ ಮೆಟ್ಟಿಲು ಬಿಟ್ಟೇ ಹತ್ತುತ್ತಾಳಂತೆ. ಹತ್ತಲಿ ಬಿಡಿ, ಅವಸರ ಮಾಡಬೇಡಿ ಅಂದಿದ್ದೇನೆ.