ಬ್ಯಾಗಿನ ಮೇಲಿದ್ದ ಎದುರಾಳಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

‘ಸ’, 14 ವರ್ಷ, ಒಂಬತ್ತನೇ ತರಗತಿ. ತರಗತಿಗೆ ಫಸ್ಟ್ ಬರುವ ಹುಡುಗಿಯ ವಿಜ್ಞಾನದ ರೆಕಾರ್ಡ್ ಪುಸ್ತಕ ಹರಿದಳೆಂದು ಶಾಲೆಯಿಂದ ಕಳಿಸಿದ್ದರು. ‘ಅವಳ ಬಗ್ಗೆ ಮಾತಾಡಲ್ಲ ಮೇಡಂ’ ಎಂದು ಸುಮ್ಮನಾದಳು. ಬ್ಯಾಗಿನ ಮೇಲೆ ಫೇಟ್ ಟೆಸ್ಟರೊಸಾಳ ಚಿತ್ರವಿತ್ತು. ಮಾತು ಅಲ್ಲಿಂದ ಹೊರಟಿತು.

ಫೇಟ್ 2004ರ ಜಪಾನೀ ಅನಿಮೆ (ಕಾರ್ಟೂನ್ ಧಾರಾವಾಹಿ) ‘ಮ್ಯಾಜಿಕಲ್ ಗರ್ಲ್ ಲಿರಿಕಲ್ ನಾನೋಹಾ’ದ ಎದುರಾಳಿ. ‘ಜ್ಯುವೆಲ್ ಸೀಡ್’ ಎಂಬ 21 ಮಾಂತ್ರಿಕ ರತ್ನಗಳಿಗಾಗಿ ಅವಳಿಗೂ ಕಥಾನಾಯಕಿ ನಾನೋಹಾಗೂ ಕಾದಾಟ. ಫೇಟ್ ಅವನ್ನು ಹುಡುಕುವುದು ತಾಯಿ ಪ್ರೆಸಿಯಾಗಾಗಿ. ತಂದದ್ದು ಸಾಲದೆಂದು ಆ ತಾಯಿ ಚಾವಟಿಯಿಂದ ಹೊಡೆಯುತ್ತಾಳೆ.

‘ಆದರೂ ಫೇಟ್ ಯಾಕೆ ಬಿಟ್ಟು ಹೋಗಲ್ಲ?’

‘ಎಲ್ಲ ತಂದುಕೊಟ್ರೆ ಅಮ್ಮ ಮೊದಲಿನ ಹಾಗೆ ಆಗ್ತಾರೆ ಅಂತ.’

ಇಂಥ ಉತ್ತರ ಬಂದ ಕೂಡಲೇ ‘ನಿಮ್ಮ ಮನೇಲೂ ಹೀಗೇನಾ?’ ಎಂದು ಕೇಳಿದರೆ ಮಗು ಬಾಯಿ ಮುಚ್ಚಿಬಿಡುತ್ತದೆ. ಪಾತ್ರದ ಬಗ್ಗೆಯೇ ಕೇಳುತ್ತಿರಬೇಕು: ಏಟು ಬಿದ್ದದ್ದು ಯಾರಿಗೆ ಗೊತ್ತು? ಯಾರಿಗೆ ಗೊತ್ತಾಗಬಾರದು? ಗೊತ್ತಾದರೆ ಏನಾಗುತ್ತದೆಂದು ಅವಳಿಗೆ ಭಯ? ಕೊನೆಯ ಪ್ರಶ್ನೆಗೆ ‘ಸ’ ತೋಳು ತೋರಿಸಿದಳು. ಅಂಕ ಕಡಿಮೆ ಬಂದಾಗ ಬಿದ್ದ ಸ್ಕೇಲಿನ ಬಾಸುಂಡೆ.

ಅಪಾಯವಿದ್ದರೆ ಗುಟ್ಟು ಉಳಿಯದೆಂದು ಶುರುವಿನಲ್ಲೇ ಹೇಳಲಾಗಿತ್ತು. ಅವಳದೇ ಮಾತಿನಲ್ಲಿ ಬರೆದುಕೊಂಡು, ಮುಂದೇನು ಮಾಡುತ್ತೇವೆಂದು ಅವಳಿಗೆ ವಿವರಿಸಿ, ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲಾಯಿತು. ತಾಯಿಯನ್ನು ಕರೆಸಿದ್ದು ಅದಾದ ಮೇಲೆ. ಮೊದಲೇ ಕರೆಸಿದ್ದರೆ ಆ ರಾತ್ರಿಯೇ ಮಗುವಿಗೆ ಇನ್ನಷ್ಟು ಏಟು ಬೀಳಬಹುದಿತ್ತು.

‘ಸ’ ಮತ್ತು ಫಸ್ಟ್ ಬರುವ ಹುಡುಗಿ ಇಬ್ಬರನ್ನೂ ತರಗತಿಯ ಎದುರು ನಿಲ್ಲಿಸಿ ಕೈ ಕುಲುಕಿಸಬೇಕೆಂಬುದು ಶಿಕ್ಷಕಿಯ ಆಸೆ. ಬೇಡವೆಂದೆವು. ನಾನೋಹಾಳ ಭಾರೀ ಬೆಳಕಿನ ಹೊಡೆತಕ್ಕೇ ಫೇಟ್ ಬದಲಾಗಿ ಗೆಳತಿಯಾದಳು ಎಂದು ಅಭಿಮಾನಿಗಳು ತಮಾಷೆ ಮಾಡುವುದುಂಟು. ಕಥೆ ಹಾಗಿಲ್ಲ. ಅವರಿಬ್ಬರ ಆ ಕಾದಾಟಕ್ಕೆ ಮೊದಲೇ ಫೇಟ್‌ಳ ಸಂಗಾತಿ ಆರ್ಫ್ ಪ್ರೆಸಿಯಾಳನ್ನು ಎದುರಿಸಿ, ಗಾಯಗೊಂಡು ತಪ್ಪಿಸಿಕೊಂಡು, ಮನೆಯೊಳಗಿನ ಸಂಗತಿಯನ್ನು ಎದುರು ಪಕ್ಷಕ್ಕೆ ತಿಳಿಸಿರುತ್ತಾಳೆ. ಸೋತ ಮೇಲೂ ಫೇಟ್‌ಗೆ ತಾಯಿಯೇ ಬೇಕು. ‘ನನ್ನ ಹೆಸರು ಹಿಡಿದು ಕರೆ, ಅಷ್ಟು ಸಾಕು’ ಎಂಬರ್ಥದ ಮಾತು ನಾನೋಹಾಳಿಂದ ಬರುವುದು ಎಲ್ಲ ಮುಗಿದು, ಫೇಟ್ ದೊಡ್ಡವರ ರಕ್ಷಣೆಗೆ ಬಂದ ಮೇಲೆ, 13ನೇ ಕಂತಿನಲ್ಲಿ. ರಾಜಿಯನ್ನು ಅದಕ್ಕೆ ಮುಂಚೆ ಹೇರಿದರೆ ಸೋತವಳಿಗೆ ಅದು ಎರಡನೇ ಸೋಲು.

‘ಸ’ಗೆ ಕೊಟ್ಟ ಸಲಹೆ ಚಿಕ್ಕದು. ಹರಿದ ಪುಟಗಳ ಚಿತ್ರಗಳನ್ನು ಹೊಸ ಹಾಳೆಯಲ್ಲಿ ಬರೆದು, ಯಾರೂ ಇಲ್ಲದಾಗ ಕೊಡು. ‘ನಾನೇ ಹರಿದದ್ದು, ತಪ್ಪಾಯ್ತು’ ಅನ್ನು. ಮನೆಯ ಕಥೆ ಹೇಳಬೇಕಿಲ್ಲ. ಅವಳನ್ನು ‘ಫಸ್ಟ್ ರ‍್ಯಾಂಕ್’ ಅನ್ನದೆ ಹೆಸರಿನಿಂದ ಕರೆ. ಅವಳು ಮಾತಾಡದಿದ್ದರೆ ಬಂದುಬಿಡು, ಹಿಂದೆ ಬೀಳಬೇಡ. ಆ ಹುಡುಗಿಗೂ ಪ್ರತ್ಯೇಕವಾಗಿ ಹೇಳಿದೆವು: ಕ್ಷಮಿಸಲೇಬೇಕೆಂಬ ಕಟ್ಟುಪಾಡಿಲ್ಲ.

ತಾಯಿ ಕೇಳಿದ್ದು ಒಂದೇ: ‘ಹೊಡೀದೇ ಹೋದ್ರೆ ಇವಳು ಓದ್ತಾಳಾ?’ ಹೊಡೆದರೂ ಅಂಕ ಏರಿರಲಿಲ್ಲ. ಮೂರು ಪರೀಕ್ಷೆಗಳ ಅಂಕಪಟ್ಟಿ ಮುಂದಿಟ್ಟೆವು. ಉತ್ತರಪತ್ರಿಕೆ ಮನೆಗೆ ಬಂದ ದಿನ ಅದರ ಮಾತೇ ಬೇಡ, ಮರುದಿನ ಅರ್ಧ ಗಂಟೆ, ತಪ್ಪಿದ ಲೆಕ್ಕಗಳಷ್ಟೇ ಎಂದು ಒಪ್ಪಿಸಲಾಯಿತು. ತಾಯಿಗೆ ಹದಿನೈದು ದಿನಕ್ಕೊಮ್ಮೆ ಭೇಟಿ. ಫಲಿತಾಂಶದ ವಾರ ಮಗಳಿಗೆ ಹೆಚ್ಚುವರಿ ಭೇಟಿ.