ಸಾಲ್ಟೇರ್ ಸಾಲುಮನೆ: ಕಿಟಕಿ ಕೆಳಗೆ ಒದ್ದೆ, ಗೋಡೆಗೆ ತೇವ ತಡೆಯುವ ರಾಸಾಯನಿಕದ ಇಂಜೆಕ್ಷನ್ ಬೇಕಾ?

ಇಂಗ್ಲೆಂಡಿನ ಬ್ರಾಡ್‌ಫೋರ್ಡ್ ಬಳಿಯ ಸಾಲ್ಟೇರ್‌ನ ನಿಮ್ಮ ಮನೆಯಲ್ಲಿ ಕಿಟಕಿ ಕೆಳಗಿನ ಪ್ಲಾಸ್ಟರ್ ಒದ್ದೆಯಾಗಿ ಉದುರಲು ಬಹುಶಃ ಹೊರಗೆ ಕಲ್ಲಿನ ಸಂದಿಗೆ ಆಮೇಲೆ ತುಂಬಿದ ಸಿಮೆಂಟೇ ಕಾರಣ. 1850-60ರ ದಶಕದಲ್ಲಿ ಗಿರಣಿ ಕಾರ್ಮಿಕರಿಗೆ ಕಟ್ಟಿದ ಈ ಮನೆಗಳದ್ದು ಕಲ್ಲು, ಸುಣ್ಣದ ಗಾರೆ. ಗೋಡೆ ಹೀರಿದ ಮಳೆನೀರು ಆ ಗಾರೆಯ ಮೂಲಕವೇ ಆರಬೇಕು. ಸಿಮೆಂಟ್ ಆ ದಾರಿ ಮುಚ್ಚುತ್ತದೆ.

ಮೊದಲು ಜೋರು ಮಳೆಯಲ್ಲಿ ಚಾವಣಿ ಅಂಚಿನ ಗಟರ್ ಸೋರುತ್ತಿದೆಯಾ ನೋಡಿ. ಪಕ್ಕದ ಮನೆಯದನ್ನೂ ನೋಡಿ, ಗೋಡೆ ಒಂದೇ ಅಲ್ವಾ. ಸೋರದಿದ್ದರೆ ಸಂದಿಯನ್ನು ಕೀಲಿಯಿಂದ ಕೆರೆಯಿರಿ. ಸುಣ್ಣದ್ದಾದರೆ ಪುಡಿ ಉದುರುತ್ತದೆ; ಬೂದು ಬಣ್ಣ, ಕಲ್ಲಿಗಿಂತ ಗಟ್ಟಿ ಅನಿಸಿದರೆ ಸಿಮೆಂಟ್. ಫೋಟೊ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಇಂಜೆಕ್ಷನ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ.

ಸಂರಕ್ಷಿತ ಕಟ್ಟಡ, ಹಾಗಾಗಿ ಬ್ರಾಡ್‌ಫೋರ್ಡ್ ಕೌನ್ಸಿಲ್‌ನಲ್ಲಿ ಅನುಮತಿ ವಿಚಾರಿಸಿ. ಆಮೇಲೆ ಸಿಮೆಂಟ್ ತೆಗೆಸಿ ಸುಣ್ಣದ ಗಾರೆ ತುಂಬಿಸಿ. ಉಳಿ, ಸುತ್ತಿಗೆಯಲ್ಲೇ ತೆಗೆಯಲಿ. ಕಲ್ಲು ಕೊಯ್ಯುವ ಗ್ರೈಂಡರ್ ಬಳಸಿದರೆ ಕಲ್ಲಿನ ಅಂಚು ಹೋಗುತ್ತದೆ.