ಒಬ್ಬಳೇ ನಿಂತಿದ್ದಾಳೆ, ಬಹುವಚನ ಯಾಕೆ?

ನಮಸ್ಕಾರ,

ನಿಮ್ಮ ರೋಮ್ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಬೇಜಾರಾಗಬೇಡಿ, ಕಥೆ ಚೆನ್ನಾಗಿದೆ, ಎಡವಿರುವುದು ಕೊನೆಯ ಪುಟದಲ್ಲಿ. ಅಖಾಡದ ಮರಳಿನ ಮೇಲೆ ನಿಮ್ಮ ನಾಯಕಿ ಒಬ್ಬಳೇ ನಿಂತು, ಚಕ್ರವರ್ತಿ ಕಡೆಗೆ ಕತ್ತಿ ಎತ್ತಿ 'ಮೊರಿತೂರೀ ತೇ ಸಲೂತಾಂತ್' ಅನ್ನುತ್ತಾಳೆ. ಕೆಳಗೆ ನೀವು ಕೊಟ್ಟ ಅರ್ಥ 'ಸತ್ತವಳ ನಮಸ್ಕಾರ'.

ಸತ್ತವಳು ನಮಸ್ಕಾರ ಮಾಡುವುದು ಹೇಗೆ? ಲ್ಯಾಟಿನ್‌ನಲ್ಲಿ ಸತ್ತವನು 'ಮೊರ್ತುಉಸ್'. 'ಮೊರಿತೂರುಸ್' ಅಂದರೆ ಇನ್ನೇನು ಸಾಯಲಿರುವವನು. ಆ 'ತೂರುಸ್' ಅನ್ನುವ ಬಾಲ ಇನ್ನೂ ಆಗದ ಕೆಲಸದ ಗುರುತು. ಇಂಗ್ಲಿಷಿನ 'ಫ್ಯೂಚರ್' ಕೂಡ ಇದೇ ಬಾಲದ 'ಫುತೂರುಸ್'ನಿಂದ ಬಂದಿದ್ದು.

ಇನ್ನು ಲಿಂಗ, ವಚನ. ನಮ್ಮ 'ಸಾಯಲಿರುವ' ಯಾರ ಮುಂದೆ ಬಂದರೂ ಹಾಗೇ ಇರುತ್ತದೆ: ಸಾಯಲಿರುವ ರಾಜ, ಸಾಯಲಿರುವ ರಾಣಿಯರಿಗೆ. ಲ್ಯಾಟಿನ್‌ನಲ್ಲಿ ಹಾಗಲ್ಲ, ಸಂಸ್ಕೃತದ ಗತಃ, ಗತಾ, ಗತಂ ಇದೆಯಲ್ಲ, ಆ ತರಹ ಪದವೇ ಲಿಂಗ, ವಚನ, ವಿಭಕ್ತಿ ಮೂರನ್ನೂ ಹೊರಬೇಕು. ಒಬ್ಬ ಗಂಡಸು ಮೊರಿತೂರುಸ್, ಒಬ್ಬ ಹೆಂಗಸು ಮೊರಿತೂರಾ, ಗಂಡಸರ ಗುಂಪಾದರೆ ಮೊರಿತೂರೀ, ಹೆಂಗಸರದ್ದಾದರೆ ಮೊರಿತೂರೈ. 'ಸಾಯಲಿರುವ ಗಂಡಸರನ್ನು' ಅನ್ನಬೇಕಾದರೆ ಮೊರಿತೂರೋಸ್. ಹಾಗಾಗಿ ನಿಮ್ಮ ನಾಯಕಿ ಒಬ್ಬಳೇ ನಿಂತು 'ಸಾಯಲಿರುವ ಗಂಡಸರು ನಿನಗೆ ನಮಸ್ಕರಿಸುತ್ತಾರೆ' ಅಂದಂತಾಯಿತು! ಅವಳು ಅನ್ನಬೇಕಾದ್ದು 'ಮೊರಿತೂರಾ ತೇ ಸಲೂತೋ', ಅಂದರೆ 'ಸಾಯಲಿರುವ ನಾನು ನಿನಗೆ ನಮಸ್ಕರಿಸುತ್ತೇನೆ'.

ಮತ್ತೊಂದು. ಇದು ಅಖಾಡದಲ್ಲಿ ಕಾದಾಡುವ ಗ್ಲಾಡಿಯೇಟರ್‌ಗಳು ದಿನಾ ಹೇಳುತ್ತಿದ್ದ ಮಾತು ಅಂತ ಬರೆದಿದ್ದೀರಿ, ಸಿನಿಮಾಗಳ ಪ್ರಭಾವ ಇರಬೇಕು. ರೋಮನ್ ಇತಿಹಾಸಕಾರ ಸ್ವೆಟೋನಿಯಸ್ ಬರೆದಿರುವುದು ಒಂದೇ ಒಂದು ಸಂದರ್ಭದ ಬಗ್ಗೆ: ಕ್ರಿ.ಶ. 52ರಲ್ಲಿ ಇಟಲಿಯ ಫುಚಿನೋ ಸರೋವರದ ಮೇಲೆ ಚಕ್ರವರ್ತಿ ಕ್ಲಾಡಿಯಸ್ ಏರ್ಪಡಿಸಿದ ಹಡಗುಗಳ ಕಾಳಗ. ಕಾದಾಡಬೇಕಿದ್ದವರು ಶಿಕ್ಷೆಯಾದ ಕೈದಿಗಳು. ಅವರು 'ಸಾಯಲಿರುವವರು ನಿನಗೆ ನಮಸ್ಕರಿಸುತ್ತಾರೆ' ಅಂದರೆ ಕ್ಲಾಡಿಯಸ್ 'ಔತ್ ನೋನ್' ಅಂದನಂತೆ, 'ಅಥವಾ ಸಾಯದೆಯೂ ಇರಬಹುದು' ಅನ್ನುವ ಹಾಗೆ. ಅಷ್ಟಕ್ಕೇ ಅವರು ಕ್ಷಮೆ ಸಿಕ್ಕಿತು ಅಂದುಕೊಂಡು ಕಾದಾಡುವುದಿಲ್ಲ ಅಂತ ಸುಮ್ನೆ ನಿಂತುಬಿಟ್ಟರು. ಬೆದರಿಸಿ, ಪುಸಲಾಯಿಸಿ ಕಾಳಗಕ್ಕೆ ಇಳಿಸಬೇಕಾಯಿತು. 'ಮೊರ್ತುಈ', ಅಂದರೆ ಸತ್ತವರು, ಅಂದಿದ್ದರೆ ಆ ಉತ್ತರಕ್ಕೆ ಜಾಗವೇ ಇರುತ್ತಿರಲಿಲ್ಲ, ಅಲ್ವಾ?

ನಿಮ್ಮ ಚಕ್ರವರ್ತಿ ಮಾತ್ರ ಬೊಂಬೆ ತರಹ ಕೂತಿದ್ದಾನೆ. ಅವನ ಬಾಯಿಂದಲೂ ಒಂದು ಮಾತು ಹೊರಡಲಿ. ಕೊನೆಯ ಪುಟ ಹೊಸದಾಗಿ ಬರೆದು ಕಳಿಸಿ, ಅವಳು ಅಮ್ಮನ ಬಳೆ ಬಿಚ್ಚಿಡುವ ಭಾಗವನ್ನು ಮಾತ್ರ ಮುಟ್ಟಬೇಡಿ.